ಟವರಿನಲ್ಲಿ ಈ ಹೊತ್ತಿಗೆ ಎಷ್ಟು ಜನ ಇದ್ದಾರೆ?

ಬೆಳಿಗ್ಗೆ ನಾಲ್ಕೂವರೆಗೆ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನ ಅರೈವಲ್ ಗೇಟಿನ ಎದುರು ಹೋಗಿ ನಿಂತ್ರೆ ನಮ್ಮ ಕಾಸರಗೋಡಿನವರು ಯಾರಾದ್ರೂ ಸಿಕ್ಕಿಯೇ ಸಿಗ್ತಾರೆ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲ ಕಡೆಯ ಜೀಪು ಕಾರು ಅಲ್ಲಿ ಇರ್ತವೆ. ಕಳೆದ ಮಳೆಗಾಲದಲ್ಲಿ ಭಾವನನ್ನು ಕರ್ಕೊಂಡು ಬರ್ಲಿಕ್ಕೆ ಹೋಗಿದ್ದೆ, ದುಬೈ ಫ್ಲೈಟು. ಬೋರ್ಡಿನಲ್ಲಿ ಟೈಮ್ ಸರಿಯಾಗಿಯೇ ಇತ್ತು, ಆದ್ರೆ ಫೋನಿನ ಆ್ಯಪಿನಲ್ಲಿ ನೋಡಿದ್ರೆ ವಿಮಾನ ಸಮುದ್ರದ ಮೇಲೆ ಸುತ್ತು ಹಾಕ್ತಾ ಉಂಟು, ಒಂದು ಸುತ್ತು, ಎರಡು, ಮೂರು. ಪಕ್ಕದಲ್ಲಿ ನೀರ್ಚಾಲು ಕಡೆಯ ಹಿರಿಯರೊಬ್ಬರು ಚಹಾದ ಫ್ಲಾಸ್ಕನ್ನು ಎದೆಗೆ ಅವುಚಿಕೊಂಡು ನಿಂತಿದ್ರು, ನನ್ನ ಫೋನಿಗೇ ಬಗ್ಗಿ ನೋಡ್ತಾ, "ಮಾಷ್ಟ್ರೇ, ಆ ಟವರಿನಲ್ಲಿ ಈ ಹೊತ್ತಿಗೆ ಎಷ್ಟು ಜನ ಇರ್ಬಹುದು? ಒಬ್ಬನೇ ಇರುದಾ?" ಅಂತ ಕೇಳಿದ್ರು. ವಿಮಾನಗಳಿಗೆ ಏರುವ ಇಳಿಯುವ ಅನುಮತಿ ಕೊಡುವ ಕಂಟ್ರೋಲ್ ಟವರಿನ ಬಗ್ಗೆ ಅವರು ಕೇಳಿದ್ದು, ನನಗೆ ಉತ್ತರ ಗೊತ್ತಿರ್ಲಿಲ್ಲ. ಮೋಡ ಸರಿದ ಮೇಲೆ ವಿಮಾನ ಇಳೀತು, ಭಾವ ಬಂದ, ನಾವು ತಲಪಾಡಿ ದಾಟಿ ಮನೆಗೆ ಬಂದೆವು, ಆದ್ರೆ ಆ ಪ್ರಶ್ನೆ ಮಾತ್ರ ಅಲ್ಲೇ ಉಳೀತು.

ಅವರು ಹಾಗೆ ಕೇಳ್ಲಿಕ್ಕೆ ಕಾರಣ ಉಂಟು. 2010ರ ಮೇ 22ಕ್ಕೆ ದುಬೈಯಿಂದ ಬಂದು ಕೆಂಜಾರಿನ ಗುಂಡಿಗೆ ಬಿದ್ದ ವಿಮಾನದಲ್ಲಿ ಅವರ ಅಕ್ಕನ ಮಗ ಇದ್ದ. 166 ಜನರಲ್ಲಿ 158 ಜನ ಹೋದ್ರು, ಅದರಲ್ಲಿ ನಮ್ಮ ಜಿಲ್ಲೆಯವರು ತುಂಬಾ ಜನ, ಆ ವಾರ ನಮ್ಮ ಕಡೆ ಸಾವಿನ ಮನೆ ಇಲ್ಲದ ಪಂಚಾಯತು ಕಮ್ಮಿ ಅಂತಲೇ ನನ್ನ ನೆನಪು.

ಆ ಅಪಘಾತಕ್ಕೆ ಕಂಟ್ರೋಲರ್, ಅಂದ್ರೆ ಕೆಳಗೆ ಕೂತು ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವವರು, ಕಾರಣ ಅಲ್ಲ, ಅದನ್ನು ಮೊದಲೇ ಸ್ಪಷ್ಟವಾಗಿ ಹೇಳ್ತೇನೆ. ಕ್ಯಾಪ್ಟನ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ರು, ಎದ್ದ ಮಂಪರು ಬಿಟ್ಟಿರ್ಲಿಲ್ಲ, ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ಕೋ ಪೈಲಟ್ ಗೋ ಅರೌಂಡ್, ಅಂದ್ರೆ ಇಳಿಸದೆ ಪುನಃ ಮೇಲೆ ಏರುವ ಅಂತ ಹೇಳಿದ್ರೂ ಇಳಿಸ್ಲಿಕ್ಕೆ ಹೊರಟ್ರು, ಇದು ತನಿಖೆಯಲ್ಲಿ ಬಂದ ಮುಖ್ಯ ಕಾರಣ. ಆದ್ರೆ ಅದೇ ವರದಿಯಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ವಿಷಯ ಉಂಟು. ಮಂಗಳೂರಿನ ರೇಡಾರ್ ಆಗ ಕೆಟ್ಟು ಎರಡು ದಿನ ಆಗಿತ್ತು. ರೇಡಾರ್ ಇಲ್ಲದೆ ವಿಮಾನ ಎಲ್ಲಿದೆ ಅಂತ ಕಣ್ಣಿಗೆ ಕಾಣುದಿಲ್ಲ, ಪೈಲಟ್ ಹೇಳಿದ್ದನ್ನು ಕೇಳಿ ಲೆಕ್ಕ ಹಾಕ್ಬೇಕು, ಹಾಗಾಗಿ ಮೇಲಿನ ಎತ್ತರದಿಂದ ಕೆಳಗೆ ಇಳೀಲಿಕ್ಕೆ ಶುರು ಮಾಡುವ ಅನುಮತಿ ಮಾಮೂಲಿಗಿಂತ ತಡವಾಗಿ, ಏರ್‌ಪೋರ್ಟಿಗೆ ಮಾಮೂಲಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು. ಅದಕ್ಕೆ ತಕ್ಕ ಹಾಗೆ ಪೈಲಟ್‌ಗಳು ಪ್ಲ್ಯಾನ್ ಮಾಡ್ಲಿಲ್ಲ. ಒಂದು ತಪ್ಪಿನ ಮೇಲೆ ಇನ್ನೊಂದು ಕೂತ್ಕೊಂಡು ಬಂದದ್ದು.

ಇದನ್ನು ಇಲ್ಲಿ ಎಂತಕ್ಕೆ ಹೇಳಿದೆ ಅಂದ್ರೆ, ರೇಡಾರ್ ಕೆಟ್ಟರೆ ನೋಟಾಮ್ ಅಂತ ಒಂದು ನೋಟಿಸ್ ಹೊರಡ್ತದೆ, ಆ ಕಡೆ ಹೋಗುವ ಎಲ್ಲ ಪೈಲಟ್‌ಗಳಿಗೂ ಅದು ಗೊತ್ತಾಗ್ತದೆ. ರನ್‌ವೇ ಲೈಟು ಹೋದ್ರೂ ನೋಟಾಮ್, ಹತ್ತಿರದಲ್ಲಿ ಕ್ರೇನು ನಿಲ್ಲಿಸಿದ್ರೂ ನೋಟಾಮ್. ಆದ್ರೆ ಟವರಿನಲ್ಲಿ ಕೂತ ಮನುಷ್ಯ ಆರನೇ ದಿನವೂ ರಜೆ ಇಲ್ಲದೆ ನೈಟ್ ಡ್ಯೂಟಿಗೆ ಬಂದಿದ್ದಾನೆ, ಅವನಿಗೆ ಕಣ್ಣು ಎಳೀತಾ ಉಂಟು, ಎರಡು ಜನರ ಕೆಲಸ ಒಬ್ಬನೇ ಮಾಡ್ತಿದ್ದಾನೆ ಅಂತ ಯಾವ ನೋಟಾಮೂ ಬರುದಿಲ್ಲ. ಮೆಷಿನ್ ಸುಸ್ತಾದ್ರೆ ಎಲ್ಲರಿಗೂ ಗೊತ್ತಾಗ್ತದೆ, ಮನುಷ್ಯ ಸುಸ್ತಾದ್ರೆ ಯಾರಿಗೂ ಗೊತ್ತಾಗುದಿಲ್ಲ, ಎಟಿಸಿಯ, ಅಂದ್ರೆ ಏರ್ ಟ್ರಾಫಿಕ್ ಕಂಟ್ರೋಲಿನ ಸಿಬ್ಬಂದಿ ಕೊರತೆ ಅಂದ್ರೆ ನನಗೆ ಅರ್ಥ ಆದ ಮಟ್ಟಿಗೆ ಇದೇ.

ಈ ಕೆಲಸ ಎಂತದ್ದು ಅಂತ ಸ್ವಲ್ಪ ಹೇಳ್ಬೇಕು. ಆಕಾಶದಲ್ಲಿ ಎರಡು ವಿಮಾನದ ನಡುವೆ ಒಂದೋ ಎತ್ತರದಲ್ಲಿ ಸಾವಿರ ಅಡಿ ಅಂತರ ಇರ್ಬೇಕು, ಇಲ್ಲಾಂದ್ರೆ ಅಡ್ಡಕ್ಕೆ ಸಾಧಾರಣ ಐದು ನಾಟಿಕಲ್ ಮೈಲು, ಅಂದ್ರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಒಂಬತ್ತು ಕಿಲೋಮೀಟರ್ ಅಂದ್ರೆ ತುಂಬಾ ಆಯ್ತಲ್ಲ ಅಂತ ಅನಿಸ್ತದೆ, ಆದ್ರೆ ಎದುರು ಬದುರು ಬರುವ ಎರಡು ಜೆಟ್‌ಗಳು ಅಷ್ಟು ದೂರವನ್ನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸ್ತವೆ. ಕಂಟ್ರೋಲರ್ ತಲೆಯಲ್ಲಿ ಅಷ್ಟೂ ವಿಮಾನಗಳ ಒಂದು ಚಿತ್ರ ಇರ್ತದೆ, ಯಾವುದು ಎಲ್ಲಿ, ಯಾವುದು ಏರ್ತಾ ಉಂಟು, ಯಾವುದು ಇಳೀತಾ ಉಂಟು, ಎರಡು ನಿಮಿಷ ಕಳೆದ್ರೆ ಯಾವುದು ಎಲ್ಲಿರ್ತದೆ. ಆ ಕೆಲಸದವರು ಅದನ್ನು 'ಪಿಕ್ಚರ್' ಅಂತಲೇ ಹೇಳುದು. ಸುಸ್ತಾದ್ರೆ ಮೊದಲು ಹೋಗುದು ಈ ಪಿಕ್ಚರ್. ಅದಕ್ಕಾಗಿಯೇ ಎರಡು ಗಂಟೆ ಚಾನೆಲ್‌ನಲ್ಲಿ, ಅಂದ್ರೆ ಮೈಕ್ ಹಿಡಿದು ವಿಮಾನ ನೋಡ್ಕೊಳ್ಳುವ ಸೀಟಿನಲ್ಲಿ ಕೂತ್ರೆ ಅರ್ಧ ಗಂಟೆ ಎದ್ದು ಹೋಗ್ಬೇಕು ಅಂತ ನಿಯಮ ಇರುದು, ಎದ್ದು ಹೋಗುವಾಗ ಬರುವವನಿಗೆ ಆ ಪಿಕ್ಚರನ್ನು ಬಾಯಲ್ಲಿ ಹೇಳಿ ಹ್ಯಾಂಡೋವರ್ ಮಾಡ್ಬೇಕು.

ನಮ್ಮ ಕಡೆಯವರಿಗೆ ಇದು ಅರ್ಥ ಆಗದ ವಿಷಯ ಏನಲ್ಲ. ಇಡೀ ರಾತ್ರಿಯ ಯಕ್ಷಗಾನ ಆಟದಲ್ಲಿ ಒಬ್ಬರೇ ಭಾಗವತರು ಸಂಜೆಯಿಂದ ಬೆಳಗಿನವರೆಗೆ ಪದ ಹೇಳುದನ್ನು ಯಾರಾದ್ರೂ ನೋಡಿದ್ದೀರಾ? ಪೂರ್ವರಂಗಕ್ಕೆ ಒಬ್ಬರು ಕೂರ್ತಾರೆ, ಮಧ್ಯರಾತ್ರಿ ಮುಖ್ಯ ಭಾಗವತರು ಬಂದು ಜಾಗಟೆ ತಗೊಳ್ತಾರೆ, ಚೆಂಡೆಯವರೂ ಬದಲಾಗ್ತಾರೆ. ಒಬ್ಬರು ಸಾಕಲ್ಲ, ಎರಡನೆಯವರ ಸಂಬಳ ಎಂತಕ್ಕೆ ಅಂತ ಯಾವ ಮೇಳದ ಯಜಮಾನರೂ ಕೇಳ್ಲಿಕ್ಕಿಲ್ಲ. ಪದ ತಪ್ಪಿದ್ರೆ ಆಟ ಕೆಡ್ತದೆ ಅಷ್ಟೇ, ಆದ್ರೂ ನಮ್ಮ ಹಿರಿಯರು ಇಬ್ಬರನ್ನು ಇಟ್ರು.

ಈಗ ದೇಶದ ಲೆಕ್ಕಕ್ಕೆ ಬರುವ. 2014ರಲ್ಲಿ ವಿಮಾನ ಹಾರಾಟ ಇದ್ದ ಏರ್‌ಪೋರ್ಟ್‌ಗಳು 74, ಹತ್ತು ವರ್ಷದಲ್ಲಿ ಅದು 157 ಆಯ್ತು. ನಮ್ಮ ಪಕ್ಕದ ಕಣ್ಣೂರು ಏರ್‌ಪೋರ್ಟೂ ಅದರಲ್ಲಿ ಒಂದು, 2018ರ ಡಿಸೆಂಬರ್‌ನಲ್ಲಿ ಶುರುವಾದ್ದು, ಹೊಸದುರ್ಗ ನೀಲೇಶ್ವರದವರಿಗೆ ದೊಡ್ಡ ಅನುಕೂಲ ಆಯ್ತು. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ ಆರ್ಡರ್ ಕೊಟ್ಟಿತು, ಅದೇ ವರ್ಷ ಇಂಡಿಗೋ ಒಂದೇ ಸಲಕ್ಕೆ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು, ಪೇಪರಿನಲ್ಲಿ ಫೋಟೋ ಎಲ್ಲ ಬಂತು. ಅದೇ 2023ರಲ್ಲಿ ಕಂಟ್ರೋಲರ್‌ಗಳನ್ನು ನೇಮಿಸುವ ಏರ್‌ಪೋರ್ಟ್ ಅಥಾರಿಟಿ ಎಟಿಸಿ ಜೂನಿಯರ್ ಎಕ್ಸಿಕ್ಯೂಟಿವ್ ಅಂತ ಕರೆದ ಪೋಸ್ಟು 496. 2025ರಲ್ಲಿ ಕರೆದದ್ದು 309. ವಿಮಾನಕ್ಕೆ ಆರ್ಡರ್ ಕೊಟ್ರೆ ಫ್ಯಾಕ್ಟರಿಯಿಂದ ಬರ್ತದೆ, ಕಂಟ್ರೋಲರ್ ಹಾಗೆ ಬರುದಿಲ್ಲ, ಅದಕ್ಕೆ ಎಷ್ಟು ಸಮಯ ಬೇಕು ಅಂತ ಮುಂದೆ ಹೇಳ್ತೇನೆ.

ಅಹಮದಾಬಾದಿನಲ್ಲಿ 2025ರ ಜೂನ್ 12ಕ್ಕೆ ಆ ದೊಡ್ಡ ಅಪಘಾತ ಆದ ಮೇಲೆ ಸಂಸತ್ತಿನ ಸ್ಥಾಯಿ ಸಮಿತಿ ವಿಮಾನಯಾನ ಸುರಕ್ಷತೆಯನ್ನು ಒಟ್ಟಾರೆ ನೋಡಿ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಕಂಟ್ರೋಲರ್‌ಗಳ ಕೊರತೆ, ದಣಿವು, ಟ್ರೈನಿಂಗ್ ಸಾಕಾಗದ್ದು ಎಲ್ಲ ಉಂಟು, ಆದ್ರೆ ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ಕಂಟ್ರೋಲರ್‌ಗಳು ಎಷ್ಟು ಹೊತ್ತು ಡ್ಯೂಟಿ ಮಾಡ್ಬಹುದು, ಎಷ್ಟು ವಿಶ್ರಾಂತಿ ಬೇಕು ಅಂತ ವಿಮಾನಯಾನಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ ಮಾಡಿದೆ, ಮತ್ತೆ ಅದೇ ನಿಯಮದಿಂದ ಏರ್‌ಪೋರ್ಟ್ ಅಥಾರಿಟಿ ವಿನಾಯಿತಿ ತಗೊಂಡಿದೆ. ಅಂದ್ರೆ ನಿಯಮ ಉಂಟು, ಪಾಲಿಸ್ಲಿಕ್ಕೆ ಜನ ಇಲ್ಲ, ಹಾಗಾಗಿ ನಿಯಮವನ್ನು ಸಡಿಲ ಮಾಡಿ ಅಂತ ಕೇಳಿ ಪಡೆದದ್ದು. ಈ ವಿನಾಯಿತಿ ನಿಲ್ಲಿಸಿ ಅಂತ ಸಮಿತಿ ಹೇಳಿತು. ವಿನಾಯಿತಿ ಕೊಡುವ ಡಿಜಿಸಿಎಯ ಪರಿಸ್ಥಿತಿಯೂ ಅದೇ ವರದಿಯಲ್ಲಿ ಉಂಟು, 1,063 ಮಂಜೂರಾದ ಹುದ್ದೆಗಳಲ್ಲಿ ತುಂಬಿದ್ದು 553. ಪರೀಕ್ಷೆ ಬರೆಯುವವನಿಗೂ ಪುರುಸೊತ್ತಿಲ್ಲ, ಪೇಪರ್ ನೋಡುವವನಿಗೂ ಪುರುಸೊತ್ತಿಲ್ಲ.

ವಿನಾಯಿತಿ ಅನ್ನುವ ಶಬ್ದವನ್ನು ನಾವೆಲ್ಲ ಸ್ವಲ್ಪ ಭಯದಿಂದಲೇ ನೋಡ್ಬೇಕು ಅಂತ ನನ್ನ ಅಭಿಪ್ರಾಯ. 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾವಿರ ಸಾವಿರ ಲೆಕ್ಕದಲ್ಲಿ ಕ್ಯಾನ್ಸಲ್ ಆದದ್ದು ನೆನಪಿರ್ಬಹುದು, ಆಗ ನಮ್ಮ ಕಡೆಯ ಎಷ್ಟೋ ಜನ ಬೆಂಗಳೂರು ಮುಂಬೈಯಲ್ಲಿ ಸಿಕ್ಕಿ ಬಿದ್ರು. ಪೈಲಟ್‌ಗಳಿಗೆ ವಾರಕ್ಕೆ 48 ಗಂಟೆ ರೆಸ್ಟ್ ಕೊಡ್ಬೇಕು, ರಾತ್ರಿ ಲ್ಯಾಂಡಿಂಗ್ ಎರಡಕ್ಕಿಂತ ಹೆಚ್ಚು ಮಾಡಿಸ್ಬಾರ್ದು ಅಂತ ನಿಯಮ ಬಂದಿತ್ತು, ಬರ್ತದೆ ಅಂತ ಮೊದಲೇ ಗೊತ್ತಿತ್ತು, ಬೇಕಾದಷ್ಟು ಪೈಲಟ್‌ಗಳನ್ನು ತಯಾರು ಮಾಡಿ ಇಟ್ಟುಕೊಳ್ಳಲಿಲ್ಲ. ಗಲಾಟೆ ಆದ ಕೂಡ್ಲೇ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಪ್ರಯಾಣಿಕರಾದ ನಾವೂ ಹೇಗಾದ್ರೂ ವಿಮಾನ ಹೊರಡ್ಲಿ ಅಂತಲೇ ಇದ್ದೆವು, ಸುಸ್ತಾದ ಪೈಲಟ್ ಓಡಿಸ್ಬೇಕಾಗ್ತದೆ ಅಂತ ಆ ಹೊತ್ತಿಗೆ ಯಾರಿಗೂ ಹೊಳೀಲಿಲ್ಲ. ಪೈಲಟ್‌ಗಳದ್ದಾದ್ರೂ ಟಿವಿಯಲ್ಲಿ ಬಂತು, ಕಂಟ್ರೋಲರ್‌ಗಳ ವಿನಾಯಿತಿ ಟಿವಿಯಲ್ಲಿ ಬರ್ಲೇ ಇಲ್ಲ.

ಪೋಸ್ಟ್ ತುಂಬಿದ್ರೆ ಆಯ್ತಲ್ಲ ಅಂತ ಕೇಳುವವರಿಗೆ ಕಾಸರಗೋಡಿನ ನಾವೇ ಸರಿಯಾದ ಉತ್ತರ ಕೊಡ್ಬಹುದು. ನಾನು ಕೆಲಸ ಮಾಡಿದ ಒಂದು ಕನ್ನಡ ಶಾಲೆಯಲ್ಲಿ ಒಂದು ವಿಷಯಕ್ಕೆ ಎರಡು ವರ್ಷ ಟೀಚರ್ ಇರ್ಲಿಲ್ಲ, ಕೊನೆಗೆ ಬಂದವರಿಗೆ ಕನ್ನಡ ಗೊತ್ತಿಲ್ಲ. ಆಫೀಸಿನ ರಿಜಿಸ್ಟರಿನಲ್ಲಿ ವೇಕೆನ್ಸಿ ಸೊನ್ನೆ. ಕ್ಲಾಸಿನಲ್ಲಿ ಮಕ್ಕಳು ಬೋರ್ಡು ನೋಡ್ತಾ ಕೂತಿದ್ದಾರೆ, ಒಂದು ಶಬ್ದ ಅರ್ಥ ಆಗುದಿಲ್ಲ. ಆ ಟೀಚರಿನದ್ದೂ ತಪ್ಪಲ್ಲ ಪಾಪ, ಅವರನ್ನು ಕಳಿಸಿದವರು ಸಂಖ್ಯೆ ನೋಡಿದ್ರು, ಕೆಲಸ ನೋಡ್ಲಿಲ್ಲ. ಎಟಿಸಿಯಲ್ಲಿಯೂ ಹೀಗೇ ಒಂದು ಗಂಟು ಉಂಟು. ಡೆಲ್ಲಿಯಲ್ಲಿ ಹತ್ತು ವರ್ಷ ಅನುಭವ ಇರುವ ಕಂಟ್ರೋಲರನ್ನು ನಾಳೆ ಮಂಗಳೂರಿಗೆ ಟ್ರಾನ್ಸ್‌ಫರ್ ಮಾಡಿದ್ರೆ ನಾಡಿದ್ದು ಅವರು ಮೈಕ್ ಹಿಡೀಲಿಕ್ಕೆ ಆಗುದಿಲ್ಲ. ಈ ಗುಡ್ಡ, ಈ ರನ್‌ವೇ, ಈ ಮಳೆ, ಪಕ್ಕದ ಏರ್‌ಪೋರ್ಟಿನವರ ಜೊತೆ ಇರುವ ಒಪ್ಪಂದ, ಎಲ್ಲ ಹೊಸದಾಗಿ ಕಲ್ತು, ಓಜೆಟಿ ಅಂತ ಅನುಭವಿಗಳ ಪಕ್ಕ ಕೂತು, ಪರೀಕ್ಷೆ ಪಾಸಾಗಿ ಆ ಜಾಗದ ರೇಟಿಂಗ್, ಅಂದ್ರೆ ಅಲ್ಲಿ ಕೆಲಸ ಮಾಡುವ ಅರ್ಹತೆ ತಗೊಳ್ಬೇಕು. ಟವರಿಗೆ ಒಂದು ರೇಟಿಂಗ್, ಏರ್‌ಪೋರ್ಟಿಗೆ ಹತ್ತಿರ ಬರುವ ವಿಮಾನ ನೋಡುವ ಅಪ್ರೋಚಿಗೆ ಬೇರೆ, ದೂರದ ಆಕಾಶ ನೋಡುವ ಏರಿಯಾ ಕಂಟ್ರೋಲಿಗೆ ಬೇರೆ. ಅಷ್ಟರ ತನಕ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರ್ತದೆ, ಚಾನೆಲ್‌ನಲ್ಲಿ ಇರುದಿಲ್ಲ. ಇನ್ನೊಂದು ಕಷ್ಟ, ಹೊಸಬರಿಗೆ ಕಲಿಸ್ಬೇಕಾದ್ದೂ ಅದೇ ಸುಸ್ತಾದ ಹಳಬರು.

ಒಬ್ಬನೇ ಇದ್ರೆ ಎಂತ ಆಗ್ತದೆ ಅಂತ ತಿಳೀಲಿಕ್ಕೆ 2002ರ ಜುಲೈ 1ರ ರಾತ್ರಿಯನ್ನು ನೋಡ್ಬೇಕು. ಜರ್ಮನಿಯ ಊಬರ್ಲಿಂಗೆನ್ ಅನ್ನುವ ಊರಿನ ಮೇಲಿನ ಆಕಾಶ, ಆದ್ರೆ ಅದನ್ನು ನೋಡ್ಕೊಳ್ಳುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕಂಟ್ರೋಲ್. ರಾತ್ರಿ ಡ್ಯೂಟಿಗೆ ಇಬ್ಬರು, ಒಬ್ಬರು ಮಲಗ್ಲಿಕ್ಕೆ ಹೋಗಿದ್ರು. ರಾತ್ರಿ ಟ್ರಾಫಿಕ್ ಕಮ್ಮಿ ಅಂತ ಅದು ಅಲ್ಲಿ ವರ್ಷಗಳಿಂದ ನಡೆದು ಬಂದ ಕ್ರಮ, ಮೇಲಿನವರಿಗೂ ಗೊತ್ತಿತ್ತು. ಅದೇ ರಾತ್ರಿ ಸಿಸ್ಟಮ್ ರಿಪೇರಿ ಬೇರೆ. ಮೈನ್ ಫೋನ್ ಲೈನ್ ಬಂದ್, ಬ್ಯಾಕಪ್ ಲೈನ್ ಹಾಳು, ವಿಮಾನ ಹತ್ತಿರ ಬಂದ್ರೆ ಪರದೆಯಲ್ಲಿ ಬರ್ಬೇಕಾದ ಎಚ್ಚರಿಕೆಯೂ ಇಲ್ಲ. ಉಳಿದ ಒಬ್ಬ ಕಂಟ್ರೋಲರ್ ಎರಡು ಪರದೆ ನೋಡ್ಕೊಂಡು, ತಡವಾಗಿ ಬಂದ ಒಂದು ಏರ್‌ಬಸ್ಸನ್ನು ಪಕ್ಕದ ಚಿಕ್ಕ ಏರ್‌ಪೋರ್ಟಿಗೆ ಇಳಿಸ್ಲಿಕ್ಕೆ ಫೋನ್ ಮಾಡ್ತಾ ಇದ್ದ, ಫೋನ್ ತಾಗ್ತಾ ಇಲ್ಲ. ಆ ಕಡೆ ಇನ್ನೊಂದು ಪರದೆಯಲ್ಲಿ ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಒಂದಕ್ಕೊಂದು ಹತ್ತಿರ ಬರ್ತಾ ಇದ್ವು. ಜರ್ಮನಿಯ ಕಾರ್ಲ್ಸ್‌ರೂಹೆಯ ಕಂಟ್ರೋಲರ್‌ಗಳಿಗೆ ಅದು ಕಂಡಿತ್ತು, ಅವರು ಜ್ಯೂರಿಕ್‌ಗೆ ಫೋನ್ ಮೇಲೆ ಫೋನ್ ಮಾಡಿದ್ರು, ಲೈನ್ ಸಿಕ್ಕಲಿಲ್ಲ.

ಅವನಿಗೆ ಕಂಡಾಗ ಒಂದು ನಿಮಿಷವೂ ಉಳಿದಿರ್ಲಿಲ್ಲ. ರಷ್ಯಾದ ವಿಮಾನಕ್ಕೆ ಕೆಳಗೆ ಇಳಿ ಅಂತ ಹೇಳಿದ. ಅದೇ ಹೊತ್ತಿಗೆ ವಿಮಾನದ ಒಳಗೆ ಡಿಕ್ಕಿ ತಪ್ಪಿಸ್ಲಿಕ್ಕೆ ಇರುವ ಟಿಕಾಸ್ ಮೆಷಿನ್ ಆ ಪೈಲಟ್‌ಗಳಿಗೆ ಮೇಲೆ ಏರು ಅಂತ ಹೇಳಿತು, ಎದುರಿನ ಕಾರ್ಗೋ ವಿಮಾನಕ್ಕೆ ಇಳಿ ಅಂತ ಹೇಳಿತು. ರಷ್ಯಾದವರು ಮನುಷ್ಯನ ಮಾತು ಕೇಳಿದ್ರು, ಕಾರ್ಗೋದವರು ಮೆಷಿನಿನ ಮಾತು ಕೇಳಿದ್ರು, ಎರಡೂ ಇಳಿದ್ವು. 71 ಜನ ಹೋದ್ರು, ಅದರಲ್ಲಿ 52 ಮಕ್ಕಳು. ಹೆಂಡತಿ ಮತ್ತು ಎರಡು ಮಕ್ಕಳನ್ನು ಕಳಕೊಂಡ ಒಬ್ಬ ತಂದೆ 2004ರಲ್ಲಿ ಆ ಕಂಟ್ರೋಲರಿನ ಮನೆ ಬಾಗಿಲಿಗೆ ಹೋಗಿ ಅವನನ್ನು ಕೊಂದ. 2007ರಲ್ಲಿ ಸ್ವಿಸ್ ಕೋರ್ಟು ಆ ಸಂಸ್ಥೆಯ ನಾಲ್ಕು ಜನ ತಪ್ಪಿತಸ್ಥರು ಅಂತ ತೀರ್ಪು ಕೊಟ್ಟಿತು, ಅವರಲ್ಲಿ ಮೂವರು ಮ್ಯಾನೇಜರುಗಳು. ಈ ಕಥೆಯನ್ನು ಓದಿದಾಗೆಲ್ಲ ನನಗೆ ಆ ತಂದೆಯ ಬಗ್ಗೆಯೂ ದುಃಖ ಆಗ್ತದೆ, ಒಬ್ಬನೇ ಕೂತಿದ್ದ ಆ ಕಂಟ್ರೋಲರಿನ ಬಗ್ಗೆಯೂ ದುಃಖ ಆಗ್ತದೆ. ರಾತ್ರಿಗೆ ಒಬ್ಬ ಸಾಕು ಅಂತ ಬಿಟ್ಟವರ ಲೆಕ್ಕಕ್ಕೆ ಬೆಲೆ ಕೊಟ್ಟವರು ಬೇರೆಯವರು.

ಅಮೆರಿಕದಲ್ಲಿ 2006ರಲ್ಲಿ ಲೆಕ್ಸಿಂಗ್ಟನ್‌ನಲ್ಲಿಯೂ ಹೀಗೇ, ಬೆಳಗಿನ ಜಾವ ಟವರಿನಲ್ಲಿ ಒಬ್ಬರೇ ಇದ್ರು, ಹಿಂದಿನ ಶಿಫ್ಟಿನ ನಂತರ ನಿದ್ದೆ ಆದದ್ದು ಎರಡು ಗಂಟೆ. ಟೇಕಾಫಿಗೆ ಅನುಮತಿ ಕೊಟ್ಟು ಅವರು ಈ ಕಡೆ ತಿರುಗಿ ವಿಮಾನಗಳ ಲೆಕ್ಕ ಬರೀಲಿಕ್ಕೆ ಕೂತ್ರು, ವಿಮಾನ ತಪ್ಪಿ ಚಿಕ್ಕ ರನ್‌ವೇಗೆ ಹೋಗಿತ್ತು. 50 ಜನರಲ್ಲಿ 49 ಜನ ಹೋದ್ರು. ಮುಖ್ಯ ತಪ್ಪು ಪೈಲಟ್‌ಗಳದ್ದೇ, ಆದ್ರೆ ಕಿಟಕಿಯ ಕಡೆ ಇನ್ನೊಂದು ಜೊತೆ ಕಣ್ಣು ಇದ್ದಿದ್ರೆ ಅಂತ ಯಾರಿಗಾದ್ರೂ ಅನಿಸ್ತದೆ. 2025ರ ಜನವರಿ 29ಕ್ಕೆ ವಾಷಿಂಗ್ಟನ್ನಿನಲ್ಲಿ ಪ್ರಯಾಣಿಕರ ವಿಮಾನಕ್ಕೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿ ಹೊಡೆದು 67 ಜನ ತೀರಿಕೊಂಡಾಗಲೂ ಟವರಿನಲ್ಲಿ ಹೆಲಿಕಾಪ್ಟರ್ ನೋಡುವ ಪೊಸಿಷನ್ ಮತ್ತು ವಿಮಾನ ನೋಡುವ ಪೊಸಿಷನ್, ಅಂದ್ರೆ ಎರಡು ಸೀಟಿನ ಕೆಲಸ ಒಬ್ಬರ ಕೈಯಲ್ಲಿತ್ತು. ಅಲ್ಲಿ ಹೆಲಿಕಾಪ್ಟರ್ ದಾರಿಯನ್ನೇ ವಿಮಾನ ಇಳಿಯುವ ದಾರಿಗೆ ತಾಗಿಸಿ ಇಟ್ಟದ್ದು ದೊಡ್ಡ ಕಾರಣ, ಎಲ್ಲವನ್ನೂ ಸಿಬ್ಬಂದಿ ಕೊರತೆಗೆ ಕಟ್ಟಿದ್ರೆ ತಪ್ಪಾಗ್ತದೆ. ಹೇಳ್ಬೇಕಾದ್ದು ಇಷ್ಟೇ, ಬೇರೆ ಎಲ್ಲ ಗೋಡೆಗಳು ಬಿದ್ದ ಮೇಲೆ ಕೊನೆಗೆ ಉಳಿಯುವ ಗೋಡೆ ಆ ಒಬ್ಬ ಮನುಷ್ಯ, ಅವನ ಕೈಯಲ್ಲಿ ಎರಡು ಕೆಲಸ ಇದ್ರೆ ಆ ಗೋಡೆ ಅರ್ಧಕ್ಕೆ ನಿಲ್ತದೆ.

ಒಂದು ಸಲ ಜನ ಕಮ್ಮಿ ಆದ್ರೆ ತುಂಬಿಸ್ಲಿಕ್ಕೆ ಎಷ್ಟು ಕಾಲ ಬೇಕು ಅಂತ ಗೊತ್ತಾಗ್ಲಿಕ್ಕೂ ಅಮೆರಿಕವನ್ನೇ ನೋಡ್ಬೇಕು. 1981ರ ಆಗಸ್ಟ್‌ನಲ್ಲಿ ಮುಷ್ಕರ ಮಾಡಿದ 11 ಸಾವಿರಕ್ಕಿಂತ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಒಂದೇ ಏಟಿಗೆ ಕೆಲಸದಿಂದ ತೆಗೆದ್ರು. ಅವರ ಜಾಗಕ್ಕೆ ಒಟ್ಟಿಗೆ ಸೇರಿದವರು ಒಟ್ಟಿಗೇ ರಿಟೈರ್ ಆದ್ರು, ಅಲ್ಲಿ 56ಕ್ಕೆ ಕಡ್ಡಾಯ ನಿವೃತ್ತಿ, ಮತ್ತೆ ಕೊರತೆ. ಕೊರೊನಾ ಸಮಯದಲ್ಲಿ ಟ್ರೈನಿಂಗ್ ನಿಂತದ್ದು ಇನ್ನೊಂದು ಹೊಡೆತ. ಈಗ ಎಷ್ಟೋ ಕಡೆ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ. ನಮ್ಮ ಅಡಿಕೆ ತೋಟದ ಹಾಗೆ ಅಂತ ಹೇಳ್ಬಹುದು, ಒಂದು ವರ್ಷ ಗಿಡ ನೆಡದಿದ್ರೆ ಆ ವರ್ಷ ಎಂತದೂ ಗೊತ್ತಾಗುದಿಲ್ಲ, ಆರೇಳು ವರ್ಷ ಕಳೆದ ಮೇಲೆ ಅಂಗಳದಲ್ಲಿ ಗೊತ್ತಾಗ್ತದೆ.

ಆದ್ರೆ ಅದೇ ಅಮೆರಿಕ ಒಂದು ಸರಿಯಾದ ಕೆಲಸವನ್ನೂ ಮಾಡಿತು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ 43 ದಿನ ಸರ್ಕಾರವೇ ಶಟ್‌ಡೌನ್ ಆಗಿ ಕಂಟ್ರೋಲರ್‌ಗಳು ಸಂಬಳ ಇಲ್ಲದೆ ಕೆಲಸ ಮಾಡಿದ್ರು, ಬರ್ಲಿಕ್ಕೆ ಆಗದವರು ಜಾಸ್ತಿ ಆದಾಗ 40 ದೊಡ್ಡ ಏರ್‌ಪೋರ್ಟ್‌ಗಳಲ್ಲಿ ವಿಮಾನಗಳನ್ನೇ ಕಮ್ಮಿ ಮಾಡಿ ಅಂತ ಆದೇಶ ಬಂತು. ಜನ ಬೈದ್ರು, ಕಂಪನಿಗಳಿಗೆ ನಷ್ಟ ಆಯ್ತು. ಆದ್ರೂ ಅದು ನೇರ ದಾರಿ. ಜನ ಕಮ್ಮಿ ಇದ್ರೆ ವಿಮಾನ ಕಮ್ಮಿ ಮಾಡ್ಬೇಕು, ಇದ್ದವರ ನಿದ್ದೆಯನ್ನು ಕಮ್ಮಿ ಮಾಡ್ಬಾರ್ದು. ನಮ್ಮಲ್ಲಿ ಆಗುದು ಎರಡನೆಯದ್ದು, ಅದು ಯಾರ ಕಣ್ಣಿಗೂ ಬೀಳುದಿಲ್ಲ, ವಿಮಾನ ಟೈಮಿಗೆ ಹೊರಡ್ತದೆ, ಎಲ್ಲ ಸರಿ ಉಂಟು ಅಂತ ನಾವು ಸಮಾಧಾನದಲ್ಲಿ ಇರ್ತೇವೆ.

ಅದೇ ನವೆಂಬರ್ 7ಕ್ಕೆ ನಮ್ಮ ಡೆಲ್ಲಿ ಏರ್‌ಪೋರ್ಟಿನಲ್ಲಿ ಫ್ಲೈಟ್ ಪ್ಲ್ಯಾನುಗಳನ್ನು ಕಂಟ್ರೋಲರಿನ ಪರದೆಗೆ ಕಳಿಸುವ ಮೆಸೇಜ್ ಸಿಸ್ಟಮ್ ಕೈ ಕೊಟ್ಟಿತು, ನೂರಾರು ವಿಮಾನಗಳು ಲೇಟ್. ಆಗ ಕೆಲಸ ನಡೆದದ್ದು ಕಂಟ್ರೋಲರ್‌ಗಳು ಕೂತು ಕೈಯಲ್ಲೇ ಪ್ಲ್ಯಾನ್ ತಯಾರು ಮಾಡಿದ ಕಾರಣ. ಮೆಷಿನ್ ಬಂದ್ರೆ ಜನ ಬೇಡ ಅನ್ನುವವರು ಆ ದಿನವನ್ನು ನೆನಪು ಮಾಡ್ಕೊಳ್ಬೇಕು. ಮೆಷಿನ್ ಬೇಡ ಅಂತ ನಾನು ಹೇಳುದಿಲ್ಲ, 1996ರಲ್ಲಿ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಗುದ್ದಿ 349 ಜನ ಹೋದಾಗ ಡೆಲ್ಲಿಯ ರೇಡಾರಿನಲ್ಲಿ ವಿಮಾನದ ಎತ್ತರವೇ ಕಾಣ್ತಿರ್ಲಿಲ್ಲ, ಅದರ ನಂತರ ಹೊಸ ರೇಡಾರ್ ಬಂತು, ಟಿಕಾಸ್ ಕಡ್ಡಾಯ ಆಯ್ತು, ಎಷ್ಟೋ ಜೀವ ಉಳೀತು. ವಿಮಾನ ಪ್ರಯಾಣ ಈಗಲೂ ನಮ್ಮ ಹೈವೇಗಿಂತ ಎಷ್ಟೋ ಪಾಲು ಸುರಕ್ಷಿತ, ಗಲ್ಫಿನಲ್ಲಿ ಮಕ್ಕಳಿರುವವರು ಇದನ್ನು ಓದಿ ಹೆದರ್ಬೇಡಿ.

ಹೆದರುವ ಬದಲು ಕೇಳ್ಬೇಕು. ಮಂಗಳೂರು ಏರ್‌ಪೋರ್ಟಿನ ಟರ್ಮಿನಲ್ ಈಗ ಖಾಸಗಿಯವರ ಕೈಯಲ್ಲಿ ಉಂಟು, ಆದ್ರೆ ಟವರ್ ಈಗಲೂ ಕೇಂದ್ರ ಸರ್ಕಾರದ ಏರ್‌ಪೋರ್ಟ್ ಅಥಾರಿಟಿಯದ್ದು, ಹಾಗಾಗಿ ಉತ್ತರ ಕೊಡ್ಬೇಕಾದ ಜವಾಬ್ದಾರಿ ಸರ್ಕಾರದ್ದೇ. ನಮ್ಮ ಎಂಪಿಗಳು ಹೊಸ ಫ್ಲೈಟ್ ಬೇಕು ಅಂತ ಕೇಳ್ತಾರೆ, ಪೆರಿಯದಲ್ಲಿ ಏರ್‌ಸ್ಟ್ರಿಪ್ ಬೇಕು ಅಂತ ಕೇಳ್ತಾರೆ, ಕೇಳ್ಲಿ, ಅದರ ಜೊತೆಗೆ ಇದನ್ನೂ ಕೇಳ್ಲಿ: ಬಜ್ಪೆಯಲ್ಲಿ, ಕಣ್ಣೂರಿನಲ್ಲಿ, ಕೋಝಿಕ್ಕೋಡಿನ ಕರಿಪುರದಲ್ಲಿ ರೇಟಿಂಗ್ ಇರುವ ಕಂಟ್ರೋಲರ್‌ಗಳು ಎಷ್ಟು ಜನ, ರಾತ್ರಿ ಒಂದು ಶಿಫ್ಟಿಗೆ ಎಷ್ಟು ಜನ, ಕಳೆದ ವರ್ಷ ಎಷ್ಟು ಸಲ ಪೊಸಿಷನ್‌ಗಳನ್ನು ಒಟ್ಟು ಮಾಡಿ ಒಬ್ಬರ ಕೈಗೆ ಕೊಟ್ರು, ಡ್ಯೂಟಿ ಟೈಮಿನ ವಿನಾಯಿತಿ ಯಾವಾಗ ಮುಗೀತದೆ. 2010ರಲ್ಲಿ ಬಜ್ಪೆಯಲ್ಲಿ, 2020ರಲ್ಲಿ ಕರಿಪುರದಲ್ಲಿ ವಿಮಾನ ಅಪಘಾತ ಆಯ್ತು, ಎರಡೂ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇಗಳು, ಎರಡರ ನಡುವೆ ಬದುಕುವ ನಮಗೆ ಇದನ್ನು ಕೇಳುವ ಹಕ್ಕು ಬೇರೆಯವರಿಗಿಂತ ಒಂದು ಗುಲಗಂಜಿ ಹೆಚ್ಚೇ ಉಂಟು.

ನನ್ನ ಹತ್ರ ಗಣಿತ ಕಲ್ತ ಒಂದು ಹುಡುಗಿ ಪೆರ್ಲದ ಹತ್ತಿರ ಇದ್ದಾಳೆ, ಬಿಎಸ್ಸಿ ಫಿಸಿಕ್ಸ್ ಮ್ಯಾತ್ಸ್ ಮುಗಿಸಿ ಎಟಿಸಿ ಪರೀಕ್ಷೆಗೆ ಓದ್ತಾ ಉಂಟು ಆ ಕೂಸು. ಮೀಸಲಾತಿಯ ಸಡಿಲಿಕೆ ಇಲ್ಲದವರು 27 ವರ್ಷ ದಾಟಿದ್ರೆ ಅರ್ಜಿ ಹಾಕ್ಲಿಕ್ಕೆ ಆಗುದಿಲ್ಲ, ಅವಳಿಗೆ ಈಗ 24. ಮೊನ್ನೆ ಅವರ ಮನೆಗೆ ಹೋದಾಗ ಅಂಗಳದಲ್ಲಿ ಅಡಿಕೆ ಹರಗಿದ್ರು, ಅವಳು ಜಗಲಿಯಲ್ಲಿ ಕೂತು ಸಂಖ್ಯೆಗಳನ್ನು ಗಟ್ಟಿಯಾಗಿ ಹೇಳ್ತಾ ಇದ್ಳು, ತ್ರೀ ಅಲ್ಲ ಟ್ರೀ, ಫೈವ್ ಅಲ್ಲ ಫೈಫ್, ನೈನ್ ಅಲ್ಲ ನೈನರ್, ರೇಡಿಯೋದಲ್ಲಿ ಒಂದಕ್ಕೊಂದು ಬೆರಕೆ ಆಗ್ಬಾರ್ದು ಅಂತ ಹಾಗೆ ಹೇಳುದಂತೆ. ನಾನು ಕೇಳಿದೆ, ಈ ಸಲವೇ ಸಿಕ್ಕಿದ್ರೆ ಒಬ್ಬಳೇ ಮೈಕ್ ಹಿಡೀಲಿಕ್ಕೆ ಎಷ್ಟು ಕಾಲ ಬೇಕಮ್ಮಾ ಅಂತ. ಬೆರಳು ಮಡಚಿ ಲೆಕ್ಕ ಹಾಕಿದ್ಳು, ಪರೀಕ್ಷೆ, ರಿಸಲ್ಟ್, ವಾಯ್ಸ್ ಟೆಸ್ಟ್, ಮೆಡಿಕಲ್, ಪ್ರಯಾಗ್‌ರಾಜಿನಲ್ಲೋ ಹೈದರಾಬಾದಿನಲ್ಲೋ ಟ್ರೈನಿಂಗ್, ಮತ್ತೆ ಸ್ಟೇಷನ್, ಮತ್ತೆ ಓಜೆಟಿ, ರೇಟಿಂಗ್. "ಎರಡು ಮೂರು ವರ್ಷ ಹಿಡೀತದೆ ಮಾಷ್ಟ್ರೇ, ಅದೂ ಈ ವರ್ಷ ನೋಟಿಫಿಕೇಶನ್ ಬಂದ್ರೆ" ಅಂದು ಪುನಃ ಶುರು ಮಾಡಿದ್ಳು, ಟ್ರೀ, ಫೈಫ್, ನೈನರ್.